ಪಕ್ಕದ ಮನೆಗೆ ಎಳೆದ ವಾಯರು

ಪಕ್ಕದ ಮನೆಯ ಅಕ್ಕನಿಗೆ ವೈಫೈ ಕೊಟ್ಟವಳು ನಾನೇ. ನೆನೆದರೆ ಈಗಲೂ ಮೈ ಉರಿಯುತ್ತದೆ.

ಕುಷಾಯಿಗೂಡದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕನ್ನಡದವರೆಂದರೆ ಅವರು ಮತ್ತು ನಾವು, ಅಷ್ಟೇ. ಲಿಫ್ಟಿನಲ್ಲಿ ತೆಲುಗು, ಕಾಯಿಪಲ್ಲೆಯವನ ಹತ್ತಿರ ಹಿಂದಿ ಮಾತಾಡಿ ದಣಿದ ನನಗೆ ರಾಯಚೂರು ಕಡೆಯ ಆ ಅಕ್ಕನ ಮನೆ ತವರಿನಂತಿತ್ತು. ಒಂದು ದಿನ ಅವರು, "ಫೋನಿನ್ಯಾಗ ಅವ್ವನ ಮುಖಾ ಸರಿಯಾಗಿ ಕಾಣಂಗಿಲ್ಲ. ನಿಮ್ಮ ನೆಟ್‌ವರ್ಕ್ ನಮ್ಮ ಹಾಲ್ ತನಕಾ ಬರಂಗಿಲ್ಲೇನ್ರಿ?" ಎಂದರು. ಕರಗಿಹೋದೆ. ಕಪಾಟಿನಲ್ಲಿದ್ದ ಹಳೆಯ ರೌಟರ್ ತೆಗೆದು, ಎರಡೂ ಪೆಟ್ಟಿಗೆಗಳು ಒಂದಕ್ಕೊಂದು ಜಗಳಾಡದಂತೆ ಅದರ ವಿಳಾಸ ಬದಲಿಸಿ, ಬಾಲ್ಕನಿಯ ಗ್ರಿಲ್ಲಿನಿಂದ ವಾಯರು ಎಳೆದು ಅವರ ಟೀವಿ ಪಕ್ಕ ಕೂರಿಸಿದೆ. ಅಕ್ಕ ಬಿಸಿ ರೊಟ್ಟಿ, ಎಣ್ಣೆಗಾಯಿ ಬಡಿಸಿದರು. ನಾನು ಹಿಗ್ಗಿ ಹೀರೇಕಾಯಿಯಾದೆ.

ಆಗ ನಾನು ಸಂಜೆ ಐದಕ್ಕೆ ಲ್ಯಾಪ್‌ಟಾಪ್ ಮುಂದೆ ಕೂತು ಹನ್ನೊಂದು ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದೆ. ಊರಿನ ಬೇರೆ ಬೇರೆ ಕಡೆ ಇದ್ದ ನಮ್ಮವರದೇ ಮಕ್ಕಳು, ಇಲ್ಲೇ ಹುಟ್ಟಿದವರು. ಅವರ ತಾಯಂದಿರನ್ನು ಅಕ್ಕನಿಗೆ ಪರಿಚಯ ಮಾಡಿಸಿದವಳೂ ಈ ದಡ್ಡಿಯೇ. "ಅಡಗಿಮನಿಗೆ ಓಡಿಹೋಗಿ ಒಂದು ಸಾಮಾನು ತರ್ರಿ" ಎನ್ನುವುದು ನನ್ನ ಪಾಠದ ಮೊದಲ ಆಟ. ಒಬ್ಬ ಸೌಟು ತರುತ್ತಿದ್ದ, ಒಬ್ಬಳು ಲಟ್ಟಣಿಗೆ. ತಂದದ್ದರ ಬಗ್ಗೆ ಕನ್ನಡದಲ್ಲಿ ನಾಲ್ಕು ಮಾತು ಹೇಳಬೇಕು. ನನಗೆ ಮಕ್ಕಳಿಲ್ಲ. ಆ ಒಂದು ಗಂಟೆಗಾಗಿ ದಿನವಿಡೀ ಕಾಯುತ್ತಿದ್ದೆ.

ದಸರಾ ರಜೆ ಮುಗಿದ ಮೇಲೆ ಮಕ್ಕಳು ಒಬ್ಬೊಬ್ಬರಾಗಿ ಪಾಠ ಬಿಡತೊಡಗಿದರು. "ಸದ್ಯಕ್ಕ ಬ್ಯಾಡ್ರಿ ಟೀಚರ್, ನೀವು ಆರಾಮ ತಗೋರಿ" ಎಂದು ತಾಯಂದಿರ ಮೆಸೇಜು. ನಮ್ಮ ಮಂದಿ ಬೇಡವೆಂದು ಮುಖಕ್ಕೆ ಹೇಳುವವರಲ್ಲ, ಹೀಗೆಯೇ ಸುತ್ತಿ ಬಳಸಿ ಹೇಳುತ್ತಾರೆ. ಯಾಕೆಂದು ತಿರುಗಿ ಕೇಳುವುದೂ ನಮ್ಮಲ್ಲಿ ಮರ್ಯಾದೆಯಲ್ಲ. ಕೇಳಲಿಲ್ಲ. ಹೋಗಿ ಅಕ್ಕನ ಮುಂದೆ ಅತ್ತೆ.

"ನೆಟ್‌ವರ್ಕ್ ನಡುನಡುವ ನಿಲ್ಲತೈತಿ ನೋಡ್ರಿ, ಅದಕ್ಕ ಬಿಟ್ಟಿರಬೇಕು" ಎಂದು ಅವರು ಬೆನ್ನು ಸವರಿದರು. ನಂಬಿದೆ.

ಒಂದು ಸಂಜೆ ಪಾಠಕ್ಕೆ ಯಾರೂ ಬರಲಿಲ್ಲ. ನೆಟ್ ಎಲ್ಲಿ ಖರ್ಚಾಗುತ್ತಿದೆಯೆಂದು ತೋರಿಸುವ ರೌಟರಿನ ಪುಟ ತೆರೆದು ನೋಡಿದರೆ ನೆಟ್ಟನ್ನೆಲ್ಲ ಆ ಎರಡನೆಯ ಪೆಟ್ಟಿಗೆಯೇ ಎಳೆಯುತ್ತಿತ್ತು. ಕೆಟ್ಟಿರಬೇಕು, ಸರಿಮಾಡಿ ಬರೋಣ ಎಂದು ಎದ್ದೆ. ಪಕ್ಕದ ಮನೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಅಕ್ಕನ ದನಿ: "ಅಡಗಿಮನಿಗೆ ಓಡಿಹೋಗಿ ಒಂದು ಸಾಮಾನು ತರ್ರಿ!"

ಒಳಗೆ ಹೋದೆ. ಅವರ ಲ್ಯಾಪ್‌ಟಾಪಿನ ತುಂಬ ನನ್ನ ಮಕ್ಕಳು. ಅಕ್ಕನ ಹಿಂದೆ ನಿಂತ ನನ್ನನ್ನು ಕಂಡು ಎಲ್ಲರಿಗಿಂತ ಚಿಕ್ಕವಳು ಕೈಯಲ್ಲಿದ್ದ ಜರಡಿ ಬೀಸಿದಳು. "ಟೀಚರ್! ನಿಮ್ಮ ಗಂಟಲಾ ಆಪರೇಷನ್ ಆಗೇತಂತಲ್ರಿ? ಇನ್ನ ಮಾತಾಡಾಕ ಬರಂಗಿಲ್ಲಂತ ಆಂಟಿ ಹೇಳ್ಯಾರ್ರಿ."

ತಾಯಂದಿರು ನನಗೆ ಯಾಕೆ ಆರಾಮ ತೆಗೆದುಕೊಳ್ಳಲು ಹೇಳಿದ್ದರೆಂದು ಆಗ ತಿಳಿಯಿತು. ಅಕ್ಕ ಹಿಂತಿರುಗಿ ನೋಡಲೇ ಇಲ್ಲ. ನನ್ನ ಕೈಯಾರೆ ಎಳೆದ ವಾಯರಿನಲ್ಲೇ ನನ್ನನ್ನು ಮೂಗಿ ಮಾಡಿದ್ದರು.

ನನಗೇನೂ ಆಗಿಲ್ಲ ಎಂದು ಮಕ್ಕಳಿಗೆ ಹೇಳಲು ಬಾಯಿ ತೆರೆದೆ. ಸಿಟ್ಟೋ ದುಃಖವೋ, ಗಂಟಲು ಕಟ್ಟಿ ದನಿಯೇ ಹೊರಡಲಿಲ್ಲ. ಮಕ್ಕಳು ಪರದೆಯ ಹತ್ತಿರ ಬಂದು ನನ್ನ ಬಾಯನ್ನೇ ನೋಡಿದರು.

"ಖರೇನ ಬರಂಗಿಲ್ಲ, ಪಾಪ" ಎಂದಳು ಚಿಕ್ಕವಳು.