ಬಂಗಾರದ ಹಲ್ಲಿಗೆ ಕುಂಕುಮ

ಯೆರವಡಾದ ನಮ್ಮ ಮನೆಯ ಹೊರಕೋಣೆಗೆ ಮಧ್ಯಾಹ್ನದ ಬಿಸಿಲು ಓರೆಯಾಗಿ ಬರುತ್ತಿತ್ತು. ಅದರಲ್ಲಿ ತೇಲುವ ಧೂಳು ಯಾವ ಯಾವ ಆಫೀಸುಗಳದ್ದೋ. ಹಿಂಜವಾಡಿಯ ಕಡೆಯ ಆಫೀಸುಗಳು ಹೊರಹಾಕಿದ ಕಂಪ್ಯೂಟರುಗಳನ್ನು ನಮ್ಮ ಮನೆಯವರು ಟೆಂಪೋದಲ್ಲಿ ತಂದು, ಬಿಚ್ಚಿ, ಜೀವವಿದ್ದ ಭಾಗಗಳನ್ನು ಆರಿಸಿಡುತ್ತಿದ್ದರು. ರಿಪೇರಿಗೆ ಬಂದವರಿಗೆ ಅವನ್ನೇ ಹಾಕಿಕೊಡುವುದು. ಧೂಳು ಜಾಡಿಸುವುದು ನನ್ನ ಪಾಲು. ಕೀಬೋರ್ಡು ಬೋರಲು ಹಾಕಿ ತಟ್ಟಿದರೆ ಖಾರದ ಶೇವಿನ ಚೂರು, ಯಾರದೋ ಕೂದಲಿನ ಪಿನ್ನು ಉದುರುತ್ತಿತ್ತು. ಪಿನ್ನನ್ನು ಹಿಡಿದುಕೊಂಡು, ಇದರ ಒಡತಿ ಈಗ ಯಾವ ಕಿಟಕಿಯ ಪಕ್ಕ ಕೂತಿರಬಹುದು ಎಂದು ಯೋಚಿಸುತ್ತ ಎಷ್ಟೋ ಹೊತ್ತು ಕಳೆಯುತ್ತಿದ್ದೆ.

ಕಂಪ್ಯೂಟರಿನ ಮೆಮೊರಿ ಎಂದರೆ ಒಂದು ಹಸಿರು ಪಟ್ಟಿ, ಅದರ ಅಂಚಿಗೆ ಸಾಲಾಗಿ ಹೊಳೆಯುವ ಗೆರೆಗಳು. ನಮ್ಮವರು ಅವನ್ನು ‘ಬಂಗಾರದ ಹಲ್ಲು’ ಎನ್ನುತ್ತಿದ್ದರು. ಮಕ್ಕಳ ರಬ್ಬರಿನಿಂದ ಆ ಹಲ್ಲು ತಿಕ್ಕಿದರೆ ಸತ್ತಂತಿದ್ದ ಕಂಪ್ಯೂಟರು ಎದ್ದು ಕೂರುತ್ತಿತ್ತು.

ಒಂದು ಖಂಡೇನವಮಿಯ ದಿನ, ಆಯುಧಪೂಜೆಯ ಹಬ್ಬಕ್ಕೆ, ಅತ್ತೆ ಸ್ಕ್ರೂಡ್ರೈವರು, ಇಕ್ಕಳಗಳ ಜೊತೆ ಅಂಥದೊಂದು ಪಟ್ಟಿಯನ್ನೂ ಮಣೆಯ ಮೇಲಿಟ್ಟು ಪೂಜೆ ಮಾಡಿದ್ದರು. ಅಷ್ಟರಲ್ಲಿ ಹಿಂದಿನ ಗಲ್ಲಿಯ ಬೆಳಗಾವಿಯ ಹೆಂಗಸು ಓಡಿಬಂದಳು. ಮನೆಯಲ್ಲೇ ಕೂತು ಪ್ರೆಸ್ಸಿಗೆ ಮದುವೆ ಕಾರ್ಡು ಟೈಪು ಮಾಡಿಕೊಡುವವಳು.

“ಭಾವು, ಬರೇ ಪೀಂ ಪೀಂ ಅಂತದರಿ, ಪಡದೆ ಕರ‍್ರಗಾಗ್ಯದ. ಸಂಜೀಕ ಕಾರ್ಡು ಕೊಡಲಿಲ್ಲಂದ್ರ ಪ್ರೆಸ್ಸಿನವರು ಮತ್ತ ನನಗ ಕೆಲಸ ಕೊಡಂಗಿಲ್ಲ.”

ಹೋದ ಸಲವೂ ಅವಳ ಕಾರ್ಡು ತಡವಾಗಿತ್ತು. ಪೀಂ ಪೀಂ ಎಂದದ್ದು ಕೇಳಿಯೇ ಮೆಮೊರಿ ಹೋಗಿದೆ ಎಂದು ನಮ್ಮವರಿಗೆ ತಿಳಿಯಿತು. ಅವಳ ಹಳೆಯ ಕಂಪ್ಯೂಟರಿಗೆ ಹೊಂದುವ ಪಟ್ಟಿ ಇದ್ದದ್ದು ಒಂದೇ, ಮಣೆಯ ಮೇಲಿನದು. ಅವರು ಕೈಚಾಚಿದರು.

“ಕೈ ತಗಿ! ನಾಳೆ ದಸರಾಕ್ಕ ಬನ್ನಿ ಮುಡಿಯೂತನಾ ಆಯುಧ ಎಬ್ಬಸಬಾರದು,” ಎಂದರು ಅತ್ತೆ.

“ಅವ್ವಾ, ಇದೇನ್ ಕೊಡ್ಲೀನ, ಕುಡಗೋಲ?”

“ನೀನ ಹಲ್ಲು ಅಂತಿಯಲ್ಲೋ. ಹಲ್ಲು ಆಯುಧ ಅಲ್ಲೇನು? ನಾಯಿನ್ನ ಕೇಳಿ ಬಾ.”

ಹೆಂಗಸು ನಗಲೂ ಆಗದೆ ಸೆರಗಿನ ತುದಿ ತಿರುಚುತ್ತ ನಿಂತಳು. ಅತ್ತೆ ಅವಳ ಮುಖವನ್ನೇ ನೋಡಿದರು.

“ಪೂಜಾದಾಗಿನದು ಹೊರಗ ಹೋಗಬಾರದು. ಹೊರಗಿನದು ಪೂಜಾಕ್ಕ ಬರಬಾರದಂತ ಯಾರು ಹೇಳ್ಯಾರ? ಆಕಿ ಪೆಟಗಿ ತಂದು ಇಲ್ಲೇ ಕುಂದರಸು.”

ಅವಳ ಕಂಪ್ಯೂಟರು ದೇವರ ಮುಂದೆ ಬಂದು ಕೂತಿತು. ಸ್ಕ್ರೂಡ್ರೈವರೂ ಪೂಜೆಯಲ್ಲಿದ್ದುದರಿಂದ ನಮ್ಮವರು ಚಮಚದ ಹಿಡಿಕೆಯಿಂದ ಸ್ಕ್ರೂ ಬಿಚ್ಚಿ ಪಟ್ಟಿ ಸಿಕ್ಕಿಸಿದರು. ಮತ್ತೆ ಪೀಂ ಪೀಂ. ಹೊರತೆಗೆದು ನೋಡಿದರೆ ಒಂದೊಂದು ಹಲ್ಲಿಗೂ ಅರಿಷಿಣ ಕುಂಕುಮ!

“ಬಂಗಾರ ಅಂದಿ. ಹಚ್ಚಲಾರದ ಬಿಡ್ಲೇನು?” ಎಂದರು ಅತ್ತೆ.

ರಬ್ಬರು ಕೈಯಲ್ಲಿತ್ತು, ಆದರೆ ಹಬ್ಬದ ದಿನ ಕುಂಕುಮ ಅಳಿಸಲು ನಮ್ಮವರಿಗೆ ಕೈ ಬರಲಿಲ್ಲ. ನನಗೂ ಬರಲಿಲ್ಲ. ದೀಪದ ಬತ್ತಿ ಚಿಟಿಚಿಟಿ ಎನ್ನುತ್ತಿತ್ತು. ಕೊನೆಗೆ ಅತ್ತೆಯೇ ರಬ್ಬರು ಕಸಿದುಕೊಂಡರು.

“ಹಚ್ಚಿದಾಕಿ ನಾನು, ತಗಿಯಾಕೀನೂ ನಾನ.” ಮೊಮ್ಮಗುವಿನ ಬಾಯಿ ಒರೆಸುವ ಹಾಗೆ ಮೆಲ್ಲಗೆ ತಿಕ್ಕಿದರು. ಆಮೇಲೆ ಕಂಪ್ಯೂಟರಿನ ಪೆಟ್ಟಿಗೆಯ ಮುಂಭಾಗಕ್ಕೆ ದೊಡ್ಡದೊಂದು ಬೊಟ್ಟಿಟ್ಟರು. “ಹಲ್ಲಿಗೆ ಬ್ಯಾಡಂದ್ರ ಹಣಿಗೆ ಇರಲಿ.”

ನಮ್ಮವರು ಪಟ್ಟಿಯನ್ನು ಮತ್ತೆ ಸಿಕ್ಕಿಸಿ ಸ್ವಿಚ್ಚು ಒತ್ತಿದರು. ಪರದೆ ನೀಲಿಯಾಗಿ ಬೆಳಗಿತು.

ಆ ಸಂಜೆ ನಮ್ಮ ದೇವರ ಮೂಲೆ ನೀರಿನೊಳಗೆ ಮುಳುಗಿದಂತೆ ಕಾಣುತ್ತಿತ್ತು. ಒಂದು ಕಡೆ ಎಣ್ಣೆದೀಪ, ಒಂದು ಕಡೆ ನೀಲಿ ಬೆಳಕು, ನಡುವೆ ಚೆಂಡುಹೂವು. ಅವಳು ಚಾಪೆಯ ಮೇಲೆ ಕೂತು ಟೈಪು ಮಾಡುತ್ತಿದ್ದಳು. ಕೀಲಿಗಳ ಸದ್ದು ಎಲ್ಲೋ ದೂರದ ತಗಡಿನ ಮೇಲೆ ಮಳೆ ಬಿದ್ದಂತೆ. ಅತ್ತೆ ಗೋಡೆಗೊರಗಿ ಅದನ್ನು ಕೇಳುತ್ತಲೇ ತೂಕಡಿಸಿದರು. ಹೊತ್ತು ಮುಳುಗುವ ಮೊದಲೇ ಅವಳು ಫ್ಲಾಪಿ ಹಿಡಿದು ಪ್ರೆಸ್ಸಿಗೆ ಓಡಿದಳು.

ಮರುದಿನ ಸಂಜೆ ಬನ್ನಿ ಎಲೆ ಹಿಡಿದು ಬಂದಳು. ಮೊದಲು ಅತ್ತೆಯ ಕೈಗೇ ಕೊಟ್ಟಳು. “ಬಂಗಾರ ತಗೋರಿ ಅಜ್ಜಿ, ಬಂಗಾರದಂಗ ಇರೂಣು. ಪ್ರೆಸ್ಸಿನವರು ಇನ್ನೊಂದು ಕಾರ್ಡು ಕೊಟ್ಟಾರ.”

ಅತ್ತೆ ಎಲೆಯನ್ನು ಕಣ್ಣಿಗೊತ್ತಿಕೊಂಡು ಮಗನ ಕಡೆ ತಿರುಗಿದರು. “ಏನಪಾ, ಈ ಬಂಗಾರಕ್ಕರ ಕುಂಕುಮ ಹಚ್ಚಲೋ, ಬ್ಯಾಡೋ?”