ವನಜಮ್ಮ ನೋಡಿದ ಕಲ್ಲು

ವನಜಮ್ಮನಿಗೆ ಸಿಟ್ಟು ಜಾಸ್ತಿ ಎಂದು ಶಿಕಾರಿಪುರದಲ್ಲಿ ಎಲ್ಲರೂ ಹೇಳುತ್ತಾರೆ. ಜಾಸ್ತಿ ಇರಲೇಬೇಕು. ಅವರಿಗೆ ಆದದ್ದು ನನಗೆ ಆಗಿದ್ದರೆ ಆ ಅಂಗಡಿಗೆ ಕಲ್ಲು ಹೊಡೆದು ಬರುತ್ತಿದ್ದೆ. ರೇಣುಕಾಪ್ರಸಾದನ ಬೆಳ್ಳಿ ಅಂಗಡಿಯ ಜಗಲಿಯಲ್ಲಿ ಒಂದು ತುದಿಗೆ ನನ್ನ ಹೊಲಿಗೆ ಮಷಿನ್ ಇತ್ತು, ಇನ್ನೊಂದು ತುದಿಗೆ ವನಜಮ್ಮನ ಮೇಜು. ಹನ್ನೊಂದು ವರ್ಷ ಹತ್ತಿರದಿಂದ ನೋಡಿದ್ದೇನೆ.

ಉಂಗುರಕ್ಕೆ ಹರಳು ಕೂರಿಸುವುದು ಅವರ ಕೆಲಸ. ಗಂಡನಿಂದ ಕಲಿತದ್ದು, ಗಂಡ ತೀರಿಕೊಂಡ ಮೇಲೆ ಅದರಲ್ಲೇ ಜೀವನ. ಅಸಲಿಯೋ ನಕಲಿಯೋ ಎಂದು ಕೇಳಿಕೊಂಡು ಸೊರಬದ ಕಡೆಯಿಂದಲೂ ಜನ ಬರುತ್ತಾರೆ. ನೋಡಿಕೊಟ್ಟದ್ದಕ್ಕೆ ಒಂದು ರೂಪಾಯಿ ಮುಟ್ಟುವುದಿಲ್ಲ. ಗಾಜನ್ನು ಕಲ್ಲು ಎಂದು ಒಂದು ಸಲವೂ ಹೇಳಿದವರಲ್ಲ. ಮನೆಯಿಲ್ಲ, ಜಮೀನಿಲ್ಲ, ಅವರಿಗಿರುವ ಆಸ್ತಿ ಆ ಹೆಸರೊಂದೇ.

ಈಚೆಗೆ ಎಲ್ಲರಿಗೂ ಅಕ್ವಾಮರೀನ್ ಎಂಬ ತಿಳಿನೀಲಿ ಹರಳಿನ ಹುಚ್ಚು. ನೀಲ ಕೊಳ್ಳಲು ಕೈಲಾಗದವರು ಇದನ್ನು ಹಾಕಿಕೊಳ್ಳಿ ಎಂದು ಯಾವನೋ ಜ್ಯೋತಿಷಿ ಮೊಬೈಲಿನಲ್ಲಿ ಹೇಳಿದನಂತೆ. ವನಜಮ್ಮ ನನಗೂ ಒಂದು ದಿನ ಪಾಠ ಮಾಡಿದ್ದರು. "ತಿರುಗಿಸಿ ನೋಡೇ ಶ್ರೀಲತಾ. ಒಂದು ಕಡೆಯಿಂದ ನೀಲಿ ಗಟ್ಟಿ, ಇನ್ನೊಂದು ಕಡೆಯಿಂದ ತೆಳು. ಗಾಜು ಹೆಂಗೆ ತಿರುಗಿಸಿದ್ರೂ ಒಂದೇ ಬಣ್ಣ. ಒಳಗೆ ಗುಳ್ಳೆ ಕಂಡ್ರೆ ಮುಗೀತು, ಮಾತಾಡ್ದೆ ಅಂಗಡಿ ಮೆಟ್ಲು ಇಳಿದುಬಿಡು."

ಕಳೆದ ಕಾರ್ತಿಕದಲ್ಲಿ ಕುಪ್ಪಗಡ್ಡೆಯ ವರದಮ್ಮ ಪೇಡೆ ಪೊಟ್ಟಣ ಹಿಡಿದುಕೊಂಡು ಜಗಲಿಗೆ ಬಂದರು. ಅವರ ಮಗಳು ಸಂಗೀತಾಳಿಗೆ ಮೂರು ವರ್ಷದಿಂದ ಗಂಡು ಕೂಡಿಬಂದಿರಲಿಲ್ಲವೆಂದು ರೇಣುಕಾಪ್ರಸಾದನ ಅಂಗಡಿಯಿಂದ ಒಂದು ಅಕ್ವಾಮರೀನ್ ಒಯ್ದಿದ್ದರು. ನಮ್ಮ ಕಡೆ ಕೊಳ್ಳುವ ಮೊದಲು ಕಲ್ಲನ್ನು ಅರಿಶಿನದ ಬಟ್ಟೆಯಲ್ಲಿ ಸುತ್ತಿ, ಮೂರು ದಿನ ತೋಳಿಗೆ ಕಟ್ಟಿಕೊಂಡು ನೋಡುತ್ತಾರೆ. ಒಳ್ಳೆಯದಾದರೆ ದುಡ್ಡು ಕೊಡುವುದು, ಇಲ್ಲದಿದ್ದರೆ ಕಲ್ಲು ವಾಪಸ್. ಮೂರನೇ ದಿನ ಉಡುತಡಿಯ ಗಂಡಿನ ಕಡೆಯವರು ಒಪ್ಪಿಗೆ ಎಂದು ಫೋನ್ ಮಾಡಿದ್ದರು. ನಾಲ್ಕನೇ ದಿನ, ಎಮ್ಮೆ ಮಾರಿದ ಇಪ್ಪತ್ತೆರಡು ಸಾವಿರ ರೇಣುಕಾಪ್ರಸಾದನ ಗಲ್ಲಾ ಸೇರಿತ್ತು.

"ನೀವು ನೋಡಿದ ಕಲ್ಲು ಅಂದ್ರು, ಕಣ್ಣು ಮುಚ್ಚಿ ತಗಂಡೆ. ಉಂಗುರಕ್ಕೆ ಕೂರ್ಸಿಕೊಡಿ" ಎಂದರು ವರದಮ್ಮ.

"ನಾನು ನೋಡಿದ್ನಾ? ಯಾರು ಹೇಳಿದ್ದು?"

"ಅಂಗಡಿ ಸಾವ್ಕಾರ್ರು."

ವನಜಮ್ಮ ಭೂತಗನ್ನಡಿಯನ್ನು ಕಣ್ಣಿಗೆ ಹಿಡಿದು ಕಲ್ಲನ್ನು ತಿರುಗಿಸಿದರು. ಒಳಗೆ ಸಾಸಿವೆಗಿಂತ ಸಣ್ಣ ಎರಡು ಗುಳ್ಳೆ. ನನಗೂ ತೋರಿಸಿದರು.

"ಇದು ಗಾಜು, ವರದಮ್ಮ. ಈಗಲೇ ಕೊಟ್ಟು ದುಡ್ಡು ಇಸ್ಕೊಳ್ಳಿ."

ವರದಮ್ಮನ ಮುಖ ಗಂಟಾಯಿತು. "ಗಾಜಾದ್ರೆ ನನ್ನ ಮಗಳಿಗೆ ಗಂಡು ಹೆಂಗೆ ಬಂತು? ಒಳ್ಳೇದು ಮಾಡಿದ ಕಲ್ಲು ವಾಪಸ್ ಕೊಟ್ರೆ ಬಂದ ಸಂಬಂಧಾನೂ ಹೋಗ್ತದೆ. ಅಪಶಕುನ ಆಡ್ಬೇಡಿ."

ರೇಣುಕಾಪ್ರಸಾದನ ವ್ಯಾಪಾರ ನಿಂತಿರುವುದೇ ಈ ಭಯದ ಮೇಲೆ. ಅವನು ನಗುತ್ತ ಹೊರಗೆ ಬಂದ. "ಗಿರಾಕಿ ಖುಷಿಯಾಗಿದಾರೆ, ನಿಮಗ್ಯಾಕ್ರೀ ಸಂಕಟ? ಅಸಲಿ ಅಂತ ಒಂದು ಮಾತು ಹೇಳ್ರಿ ಸಾಕು. ಈ ಜಗಲಿಗೆ ನಾನು ಯಾವತ್ತಾದ್ರೂ ಬಾಡಿಗೆ ಕೇಳಿದೀನಾ?"

ನನಗೆ ಮೈಯೆಲ್ಲ ಉರಿಯಿತು. ಇನ್ನೊಬ್ಬರ ಹೆಸರು ಮಾರಿ ತಿಂದವನು ಬಾಡಿಗೆಯ ಉಪಕಾರ ಎತ್ತಿ ಆಡುತ್ತಾನೆ. ವನಜಮ್ಮ ಅರ ತೆಗೆದುಕೊಂಡು ಕಲ್ಲಿನ ಮೇಲೆ ಒಮ್ಮೆ ಎಳೆದರು. ಅಸಲಿ ಅಕ್ವಾಮರೀನಿಗೆ ಅರ ಹತ್ತುವುದಿಲ್ಲ. ಇದರ ಮೇಲೆ ಬೆಳ್ಳನೆಯ ಗೀರು ಬಿತ್ತು.

"ಕಣ್ಣು ಬಿಟ್ಟು ನೋಡ್ಕೊಳ್ಳಿ. ನನ್ನ ಹೆಸರು ಹೇಳಿ ಇದನ್ನ ಮಾರಿದಾನೆ, ಕಳ್ಳ."

ವರದಮ್ಮ ಅಳತೊಡಗಿದರು. ಗೀರು ಬಿದ್ದ ಕಲ್ಲು ಮನೆಗೆ ದೋಷವಂತೆ. "ಸಂಗೀತಾಳ ಮದುವೆ ಮುರಿದ್ರೆ ನಿಮಗೆ ಒಳ್ಳೇದಾಗಲ್ಲ" ಎಂದು ಶಾಪ ಹಾಕಿದ್ದು ವನಜಮ್ಮನಿಗೆ. ಮೋಸ ಮಾಡಿದವನಿಗೆ ಒಂದು ಮಾತೂ ಇಲ್ಲ. ಅವನು "ಬರ್ರಿ ಅಕ್ಕಾರೆ, ಒಳಗೆ ಮಾತಾಡಣ" ಎಂದು ಕರೆದುಕೊಂಡು ಹೋದ. ದುಡ್ಡು ವಾಪಸ್ ಕೊಡುತ್ತಾನೆ ಎಂದುಕೊಂಡೆವು, ಪೆದ್ದಿಯರು ನಾವು.

ಮಾರನೇ ದಿನ ವನಜಮ್ಮನ ಮೇಜು ರಸ್ತೆಯಲ್ಲಿತ್ತು. ಅವನ ಜಗಲಿ ನನಗೂ ಬೇಡವಾಯಿತು. ಈಗ ನಾವಿಬ್ಬರೂ ಬಸ್ ನಿಲ್ದಾಣದ ಹತ್ತಿರ, ಹಣ್ಣಿನ ಗಾಡಿಯ ಪಕ್ಕ ಟಾರ್ಪಾಲು ಕಟ್ಟಿಕೊಂಡು ಕೂರುತ್ತೇವೆ. ವನಜಮ್ಮನಿಗೆ ಕಣ್ಣು ಮಂಜಾಗಿದೆ ಎಂದು ಅವನು ಊರಿಗೆಲ್ಲ ಹೇಳಿಕೊಂಡು ಬಂದ. ನಂಬಿದವರು ಬಹಳ ಜನ. ಇಡೀ ವಾರಕ್ಕೆ ಎರಡು ಉಂಗುರ ಬಂದರೆ ಹೆಚ್ಚು.

ಮದುವೆ ಆಯಿತು, ಚೆನ್ನಾಗಿಯೇ ಆಯಿತು. ನಮಗೆ ಲಗ್ನಪತ್ರಿಕೆ ಬರಲಿಲ್ಲ. ಹೋದ ವಾರ ವರದಮ್ಮ ಸೊರಬದ ಬಸ್ಸಿಗೆ ಕಾಯುತ್ತ ನಿಂತಿದ್ದರು. ವನಜಮ್ಮ ತಾವೇ ಎದ್ದು ಹೋದರು, ನಾನು ಬೇಡವೆಂದರೂ ಕೇಳದೆ.

"ಮಗಳು ಚೆನ್ನಾಗಿದಾಳಾ? ದುಡ್ಡು ಕೊಟ್ನಾ ಅವನು?"

"ದುಡ್ಡು ಯಾಕೆ? ಮೇಲೆ ಮೂರು ಸಾವಿರ ತಗಂಡು ಬೇರೆ ಕಲ್ಲು ಕೊಟ್ರು. ಒಂದು ಗೀರಿಲ್ಲ."

"ಎಲ್ಲಿ, ತೋರ್ಸಿ" ಎಂದು ವನಜಮ್ಮ ಕೈ ಚಾಚಿದರು.

ವರದಮ್ಮ ಉಂಗುರದ ಕೈಯನ್ನು ಸೆರಗಿನೊಳಗೆ ಎಳೆದುಕೊಂಡು ಹಿಂದೆ ಸರಿದರು.

"ಬೇಡ. ನಿಮಗೊಬ್ಬರಿಗೆ ತೋರಿಸ್ಬೇಡಿ ಅಂದಿದಾರೆ."