ವೆಂಕಮ್ಮನ ಗಂಟಲು

ನಮ್ಮತ್ತೆ ವೆಂಕಮ್ಮನಿಗೆ ಮೆಲ್ಲಗೆ ಮಾತಾಡಲು ಬರುವುದೇ ಇಲ್ಲ. ಉಪ್ಪು ಕೇಳಿದರೂ ಊರಿಗೆ ಕೇಳುತ್ತದೆ. ನಮ್ಮೂರು ಅಡ್ಡಗದ್ದೆಯಲ್ಲಿ ಮನೆಗಳು ದೂರ ದೂರ. ಮದುವೆಯಾಗಿ ಬಂದಾಗಿನಿಂದ ಗದ್ದೆಯಾಚೆ ಮನೆಯ ಸೀತಕ್ಕನ ಜೊತೆ ಇವರು ಮಾತಾಡಿದ್ದೆಲ್ಲ ಕೂಗಿಯೇ. ದಿನಾ ತಿಂಡಿ ಹೊತ್ತಿಗೆ ಅಂಗಳದ ತುದಿಗೆ ಹೋಗಿ "ಸೀತಾ, ತಿಂಡಿ ಆಯ್ತನೇ?" ಎನ್ನಬೇಕು, ಆಚೆಯಿಂದ "ಆಯ್ತೇ" ಅನ್ನಿಸಿಕೊಳ್ಳಬೇಕು. ಇಬ್ಬರ ಹತ್ತಿರವೂ ಮೊಬೈಲ್ ಇದೆ. ಅದರಲ್ಲೂ ಕೂಗುತ್ತಾರೆ, ಕರ್ಮ!

ನಾನು ಇಂಗ್ಲಿಷ್ ಎಂ.ಎ. ಆನ್‌ಲೈನಿನಲ್ಲಿ ಪಾಠ ಹೇಳುವ ಕಂಪನಿಯೊಂದು ಮೊನ್ನೆ ಡೆಮೊ ಕ್ಲಾಸ್ ಮಾಡಲು ಹೇಳಿತ್ತು. ಅದು ಚೆನ್ನಾಗಿ ಆದರೆ ಕೆಲಸ ನನ್ನದು. ಅವರು ಕೊಟ್ಟ ಪಾಠವೋ, ಜನ ಎಷ್ಟು ಜೋರಾಗಿ ಮಾತಾಡುತ್ತಾರೆ ಎಂದು ಹೇಳುವ ವಿಶೇಷಣಗಳು! ಸಾಫ್ಟ್ ಎಂದರೆ ಮೆಲುದನಿ, ಲೌಡ್ ಎಂದರೆ ಜೋರು, ಶ್ರಿಲ್ ಎಂದರೆ ಕಿವಿಗೆ ಇರಿಯುವಂಥದ್ದು, ಬೂಮಿಂಗ್ ಎಂದರೆ ನಗಾರಿಯಂಥದ್ದು. ನಮ್ಮ ಮನೆಯಲ್ಲಿ ಮೊದಲನೆಯದಕ್ಕೆ ಮಾತ್ರ ಉದಾಹರಣೆ ಸಿಗುವುದಿಲ್ಲ.

"ಅತ್ತೆ, ನಾಳೆ ನನ್ನ ಕ್ಲಾಸ್ ಮುಗಿಯೋವರೆಗೆ, ದಮ್ಮಯ್ಯ, ತುಟಿ ಬಿಚ್ಬೇಡಿ."

"ಆಯ್ತು ರಮ್ಯಾ, ಬಾಯಿಗೆ ಬೀಗ ಮಾರಾಯ್ತಿ!" ಅದನ್ನೂ ಕೂಗಿಯೇ ಹೇಳಿದರು.

ಮಾತಿಗೆ ತಪ್ಪಲಿಲ್ಲ. ಅದೇ ಎಡವಟ್ಟಾಯಿತು. ತಿಂಡಿ ಹೊತ್ತಿನ ಕೂಗು ಕೇಳದೆ ಸೀತಕ್ಕ ಗಾಬರಿಯಾದರು. ಫೋನ್ ಮಾಡಿದರೆ ಅತ್ತೆ ಎತ್ತಲೇ ಇಲ್ಲ. ನೆಟ್‌ವರ್ಕ್ ಸಿಗುವುದು ಜಗಲಿಯಲ್ಲಿ ಮಾತ್ರವಾದ್ದರಿಂದ ನನ್ನ ಕ್ಲಾಸೂ ಅಲ್ಲೇ. 'ಸಾಫ್ಟ್' ಮುಗಿಸಿ 'ಲೌಡ್'ಗೆ ಬರುವಷ್ಟರಲ್ಲಿ ಸೀತಕ್ಕ ಕೆಸರುಗಾಲಲ್ಲೇ ಜಗಲಿ ಹತ್ತಿದರು, ಹಿಂದೆ ಅವರ ಮಗ ಗಜಾನನ.

"ವೆಂಕೂ, ಎಂತ ಆಯ್ತೇ ನಿಂಗೆ?"

ಮೂಲೆಯಲ್ಲಿ ಕೂತಿದ್ದ ಅತ್ತೆ ತುಟಿಯ ಮೇಲೆ ಬೆರಳಿಟ್ಟು ತಲೆಯಾಡಿಸಿದರು.

"ಅಯ್ಯೋ, ಬಾಯಿ ಬಿದ್ಹೋಯ್ತಲ್ಲೋ! ಗಜಾನನಾ, ಜೀಪ್ ತಗೊಂಡ್ ಬಾರೋ!"

ಸೀತಕ್ಕ ಎದೆ ಬಡಿದುಕೊಂಡು ಅತ್ತರು. ಅತ್ತೆ ಆಗಲೂ ಕೈಸನ್ನೆಯಲ್ಲೇ ನನ್ನ ಕಡೆ ತೋರಿಸುತ್ತಿದ್ದರು, ಒಂದಕ್ಷರ ಆಡಲಿಲ್ಲ. ಪರದೆಯಲ್ಲಿದ್ದ ಮಕ್ಕಳು ಬಿದ್ದು ಬಿದ್ದು ನಕ್ಕರು. ಕ್ಲಾಸ್ ನೋಡುತ್ತಿದ್ದ ಕಂಪನಿಯ ಮೇಡಂ ನಗಲಿಲ್ಲ. ಮನೆಯಲ್ಲಿ ಗಲಾಟೆ ಜಾಸ್ತಿ, ನಮಗೆ ಆಗುವುದಿಲ್ಲ ಎಂದು ಸಂಜೆಗೇ ಮೆಸೇಜ್ ಬಂತು.

ಅತ್ತೆಗೆ ಮಾತ್ರ ಹೇಳಿದೆ. ಅವರು ಮುಖ ತಿರುಗಿಸಿ ಒಳಗೆ ಹೋದರು. ಅಯ್ಯೋ ಪಾಪ ಎನ್ನಲೂ ಇಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು.

ಮಾರನೆಯ ಬೆಳಿಗ್ಗೆ ಅಂಗಳದ ತುದಿಯಿಂದ ಕೇಳಿತು. "ಸೀತಾ, ರಮ್ಯನ ಕೆಲಸ ಹೋಯ್ತೇ! ನನ್ನಿಂದ್ಲೇ ಹೋಯ್ತೇ! ಅವಳು ಊಟಾನೂ ಮಾಡ್ಲಿಲ್ಲ. ಮುಖ ನೋಡಕ್ಕೂ ನಂಗೆ ಧೈರ್ಯ ಇಲ್ಲ ಕಣೇ!"

ಬಸ್ ಸ್ಟಾಪಿನವರೆಗೆ ಊರಿಗೆ ಊರೇ ಕೇಳಿಸಿಕೊಂಡಿತು. ನಾನಿದ್ದದ್ದು ಅಲ್ಲೇ, ಅಡುಗೆಮನೆಯಲ್ಲಿ. ಅಳು ಬಂತು. ನನಗೊಂದು ಮಾತು ಮೆಲ್ಲಗೆ ಹೇಳಬಹುದಿತ್ತಲ್ಲ, ಈ ಮುದುಕಿ!